ಉಸಿರು ಹಿಡಿಯದೆ ಹೃದಯದ ಸ್ಕ್ಯಾನ್: ಹಾಗಾದರೆ ಆ ಉಸಿರು ಎಲ್ಲಿಗೆ ಹೋಯಿತು?

ಹೃದಯದ ಎಂಆರ್‌ಐ ಬಗ್ಗೆ ಈಚಿನ ವರ್ಷಗಳಲ್ಲಿ ಒಂದೇ ಥರದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಇನ್ನು ಉಸಿರು ಬಿಗಿಹಿಡಿದು ಒದ್ದಾಡಬೇಕಿಲ್ಲ, ಸುಮ್ನೆ ಉಸಿರಾಡಿಕೊಂಡು ಮಲಗಿದ್ದರೆ ಸಾಕು, ಉಳಿದದ್ದನ್ನು ಎಐ ನೋಡಿಕೊಳ್ಳುತ್ತದೆ ಎನ್ನುವ ಸುದ್ದಿ. ಸ್ಕ್ಯಾನರ್ ಕಂಪನಿಗಳೂ ಹೀಗೇ ಹೇಳುತ್ತವೆ, ಜಾಹೀರಾತುಗಳೂ ಹೀಗೇ ಹೇಳುತ್ತವೆ. ಆದರೆ ಸ್ಕ್ಯಾನ್ ಮಾಡಿಸಿಕೊಂಡು ಬಂದವರ ವರದಿ ತೆರೆದರೆ ಎಷ್ಟೋ ಸಲ ಬೇರೆಯೇ ಮಾತು ಇರುತ್ತದೆ: "ರೆಸ್ಪಿರೇಟರಿ ಮೋಷನ್ ಆರ್ಟಿಫ್ಯಾಕ್ಟ್." ಅಂದರೆ ಉಸಿರಾಟದಿಂದ ಚಿತ್ರ ಕದಲಿದೆ. ಇದನ್ನು ಓದಿ, ಇದೂ ಒಂದು ಹೃದಯದ ಕಾಯಿಲೆಯೇ ಇರಬೇಕು ಎಂದು ಹೆದರುವವರಿದ್ದಾರೆ. ಕಾಯಿಲೆಯಲ್ಲ, ಚಿತ್ರ ತೆಗೆಯುವಾಗ ಆದ ತೊಡಕು ಅಷ್ಟೇ. ಹಾಗಂತ ಅದನ್ನು ಪಕ್ಕಕ್ಕೆ ಸರಿಸಿಬಿಡುವ ಹಾಗೂ ಇಲ್ಲ. ಯಾಕೆ ಅನ್ನುವುದನ್ನು ಮುಂದೆ ನೋಡೋಣ.

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದರು. ಈಸಿಜಿ, ಎಕೋ (ಹೃದಯದ ಅಲ್ಟ್ರಾಸೌಂಡ್) ದಾಟಿ ಸಿಟಿ ಆಂಜಿಯೋ (ಎಕ್ಸ್‌ರೇ ಬಳಸಿ ರಕ್ತನಾಳ ನೋಡುವ ಸ್ಕ್ಯಾನ್), ಎಂಆರ್‌ಐವರೆಗೆ ಮಾತು ಬಂದಾಗ ಇಂಥ ಗೊಂದಲ ಇನ್ನೂ ಜಾಸ್ತಿ. ಉಸಿರು ಹಿಡಿಯುವುದೇ ಬೇಡ ಎನ್ನುವುದಾದರೆ ಇಷ್ಟು ವರ್ಷ ಯಾಕೆ ಹಿಡಿಸಿದರು? ಕಂಪ್ಯೂಟರ್ ತಿದ್ದಿದ ಚಿತ್ರದಲ್ಲಿ ಕಾಣುವುದು ನಮ್ಮ ಹೃದಯವೋ, ಕಂಪ್ಯೂಟರಿನ ಊಹೆಯೋ?

ಎರಡನೇ ಪ್ರಶ್ನೆ ಸಣ್ಣದಲ್ಲ. ಉಸಿರಾಟ ನಿಂತಿಲ್ಲ, ಹೃದಯ ಕದಲುವುದೂ ನಿಂತಿಲ್ಲ. ಅದನ್ನು ಸಂಭಾಳಿಸುವ ಕೆಲಸ ರೋಗಿಯ ಕೈಯಿಂದ ಕಂಪ್ಯೂಟರಿನ ಕೈಗೆ ಹೋಗಿದೆ, ಅಷ್ಟೇ. ಕಂಪ್ಯೂಟರ್ ಆ ಕೆಲಸವನ್ನು ಹೇಗೆ ಮಾಡುತ್ತದೆ ಎನ್ನುವುದರ ಮೇಲೆ ಚಿತ್ರವನ್ನು ಎಷ್ಟು ನಂಬಬಹುದು ಎನ್ನುವುದು ನಿಂತಿದೆ.

ತೂಗುವ ತೊಟ್ಟಿಲು, ಒದೆಯುವ ಕೂಸು

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂಥ ಒಂದು ಸ್ನಾಯು ಇದೆ. ಶಾಲೆಯ ಪಾಠದಲ್ಲಿ ವಪೆ ಎಂದು ಓದಿರುತ್ತೇವೆ. ಹೃದಯ ಕೂತಿರುವುದು ಇದರ ಮೇಲೆ. ಉಸಿರು ಎಳೆದುಕೊಂಡಾಗ ವಪೆ ಕೆಳಗೆ ಇಳಿಯುತ್ತದೆ, ಬಿಟ್ಟಾಗ ಮೇಲೆ ಏರುತ್ತದೆ. ಸುಮ್ಮನೆ ಮಲಗಿ ಉಸಿರಾಡುವಾಗಲೂ ಇದು ಸುಮಾರು 1ರಿಂದ 2 ಸೆಂಟಿಮೀಟರ್ ಓಡಾಡುತ್ತದೆ. ದೀರ್ಘವಾಗಿ ಎಳೆದುಕೊಂಡರೆ ಅದರ ಹಲವು ಪಟ್ಟು. ಅದರ ಜೊತೆಗೆ ಹೃದಯವೂ ಕೆಳಗೆ ಮೇಲೆ ಹೋಗುತ್ತದೆ, ಸ್ವಲ್ಪ ಮುಂದಕ್ಕೂ ಪಕ್ಕಕ್ಕೂ ವಾಲುತ್ತದೆ.

ಈಗ ಅಳತೆ ನೋಡಿ. ಹೃದಯಕ್ಕೆ ರಕ್ತ ಕೊಡುವ ಕರೋನರಿ ರಕ್ತನಾಳ ಶುರುವಾಗುವ ಕಡೆ ಸುಮಾರು 3-4 ಮಿಲಿಮೀಟರ್ ಅಗಲ. ಮುಂದೆ ಹೋದಂತೆ ಇನ್ನೂ ಸಣ್ಣ. ಪ್ರತಿ ಉಸಿರಿಗೂ ಆ ನಾಳ ತನ್ನ ಅಗಲಕ್ಕಿಂತ ಎಷ್ಟೋ ಜಾಸ್ತಿ ದೂರ ಸರಿಯುತ್ತದೆ. ಅದರೊಳಗೆ ಅರ್ಧ ಮಿಲಿಮೀಟರ್ ಕಿರಿದಾಗಿದೆಯೇ ಎಂದು ನೋಡಬೇಕಾಗಿದೆ.

ತೂಗುತ್ತಿರುವ ತೊಟ್ಟಿಲನ್ನು ನೆನೆಸಿಕೊಳ್ಳಿ. ಒಳಗೆ ಕೂಸು ಕೈಕಾಲು ಒದೆಯುತ್ತಿದೆ. ಅದರ ಕಾಲಿನ ಕಿರುಬೆರಳಿನ ಫೋಟೋ ಬೇಕು. ಒದೆತ ಅಂದರೆ ಹೃದಯದ ಬಡಿತ, ತೂಗಾಟ ಅಂದರೆ ಉಸಿರಾಟ.

ಒದೆತಕ್ಕೆ ಬಹಳ ಹಿಂದೆಯೇ ದಾರಿ ಸಿಕ್ಕಿತು. ಎದೆಗೆ ಅಂಟಿಸಿದ ಈಸಿಜಿ ತಂತಿಗಳು ಪ್ರತಿ ಬಡಿತ ಯಾವ ಕ್ಷಣಕ್ಕೆ ಶುರುವಾಯಿತು ಎಂದು ಹೇಳುತ್ತವೆ. ಪ್ರತಿ ಬಡಿತದಲ್ಲೂ ಅದೇ ಹಂತದಲ್ಲಿ ಮಾಹಿತಿ ತೆಗೆದುಕೊಂಡರೆ ಹೃದಯ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಸಿಗುತ್ತದೆ. ಉಸಿರಾಟ ಹಾಗಲ್ಲ. ಒಂದು ಉಸಿರು ದೊಡ್ಡದು, ಇನ್ನೊಂದು ಚಿಕ್ಕದು. ನಡುವೆ ಕೆಮ್ಮು, ಉಗುಳು ನುಂಗುವುದು. ಅರ್ಧ ಗಂಟೆ ಮಲಗಿದರೆ ಕೆಲವರಿಗೆ ನಿದ್ದೆಯೇ ಬಂದುಬಿಡುತ್ತದೆ, ಆಗ ಉಸಿರಿನ ಲಯವೇ ಬದಲಾಗುತ್ತದೆ.

ಎಂಆರ್‌ಐ ಯಾಕೆ ಇಷ್ಟು ಸೂಕ್ಷ್ಮ?

ಎಕೋದಲ್ಲಿ ಈ ತಲೆನೋವು ಕಡಿಮೆ. ಚಿತ್ರ ಕಣ್ಣೆದುರೇ ಓಡುತ್ತಿರುತ್ತದೆ, ವೈದ್ಯರು ಕೈಯಲ್ಲಿರುವ ಪ್ರೋಬನ್ನು ಅದಕ್ಕೆ ತಕ್ಕಂತೆ ತಿರುಗಿಸುತ್ತಾರೆ. ಎಂಆರ್‌ಐ ಒಂದೇ ಏಟಿಗೆ ಫೋಟೋ ತೆಗೆಯುವ ಯಂತ್ರವಲ್ಲ. ಹೃದಯದ ಒಂದು ಹೋಳಿನ ಚಿತ್ರಕ್ಕೆ ಬೇಕಾದ ಮಾಹಿತಿಯನ್ನು ಅದು ಹಲವು ಬಡಿತಗಳಲ್ಲಿ ಸ್ವಲ್ಪ ಸ್ವಲ್ಪವೇ ಕೂಡಿಸುತ್ತದೆ. ಈ ಬಡಿತದಲ್ಲಿ ಕೆಲವು ಸಾಲು, ಮುಂದಿನ ಬಡಿತದಲ್ಲಿ ಇನ್ನು ಕೆಲವು ಸಾಲು. ಎಲ್ಲ ಸಾಲು ತುಂಬಿದ ಮೇಲೆ ಲೆಕ್ಕ ಹಾಕಿ ಚಿತ್ರ ಕಟ್ಟುತ್ತದೆ.

ಇದನ್ನು ಚುಕ್ಕಿ ರಂಗೋಲಿಗೆ ಹೋಲಿಸಬೇಕು ಅನಿಸುತ್ತದೆ. ಆದರೆ ಆ ಹೋಲಿಕೆ ಅರ್ಧ ಮಾತ್ರ ಸರಿ. ರಂಗೋಲಿಯಲ್ಲಿ ಒಂದು ಸಾಲು ಚುಕ್ಕಿ ತಪ್ಪಿದರೆ ಆ ಭಾಗ ಮಾತ್ರ ಕೆಡುತ್ತದೆ. ಎಂಆರ್‌ಐನ ಒಂದು ಸಾಲಿನಲ್ಲಿ ಇಡೀ ಚಿತ್ರದ ಅಂಶ ಬೆರೆತಿರುತ್ತದೆ. ಸಾರಿಗೆ ಒಂದು ಮೂಲೆಯಲ್ಲಿ ಹಾಕಿದ ಉಪ್ಪು ಆ ಮೂಲೆಯಲ್ಲೇ ನಿಲ್ಲುವುದಿಲ್ಲ, ಅಲ್ವಾ? ಹಾಗೇ ಒಂದೆರಡು ಸಾಲು ತಪ್ಪಾದ ಉಸಿರಿನಲ್ಲಿ ಬಂದರೂ ಕೇಡು ಎಲ್ಲ ಕಡೆ ಹರಡುತ್ತದೆ. ಎದೆಯ ಮುಂಭಾಗದ ಕೊಬ್ಬು ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದು ಉಸಿರಿಗೆ ಏರಿಳಿದಾಗ ಅದರ ಮಸುಕು ನೆರಳುಗಳು ಸಾಲುಸಾಲಾಗಿ ಹೃದಯದ ಮೇಲೇ ಬಂದು ಬೀಳುತ್ತವೆ. ತಂತ್ರಜ್ಞರು ಇದನ್ನು ಘೋಸ್ಟ್ ಎನ್ನುತ್ತಾರೆ.

ಅದಕ್ಕೇ ಉಸಿರು ಹಿಡಿಸುತ್ತಿದ್ದರು, ಈಗಲೂ ಹೆಚ್ಚಿನ ಕಡೆ ಹಿಡಿಸುತ್ತಾರೆ. ಹೃದಯದ ಬುಡದಿಂದ ತುದಿಯವರೆಗೆ ಸೌತೆಕಾಯಿ ಹೆಚ್ಚಿದ ಹಾಗೆ ಸುಮಾರು 10-12 ಹೋಳು. ಪ್ರತಿ ಹೋಳಿಗೆ 8ರಿಂದ 15 ಸೆಕೆಂಡ್ ಉಸಿರು ಬಿಗಿಹಿಡಿಯಬೇಕು. ಬೇರೆ ಬೇರೆ ಕೋನದ ಚಿತ್ರಗಳು, ಗಾಯದ ಕಲೆ ನೋಡುವ ಚಿತ್ರಗಳು ಎಲ್ಲ ಸೇರಿದರೆ 20ಕ್ಕೂ ಮೇಲೆ ಹೋಗುತ್ತದೆ. ಅದರಲ್ಲೂ ಎಂಆರ್‌ಐನಲ್ಲಿ ಸಾಮಾನ್ಯವಾಗಿ ಉಸಿರು ಪೂರ್ತಿ ಬಿಟ್ಟ ಮೇಲೆ ಹಿಡಿಯಲು ಹೇಳುತ್ತಾರೆ. ಬಿಟ್ಟಾಗ ವಪೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಎಳೆದುಕೊಂಡಾಗ ಒಂದೊಂದು ಸಲ ಒಂದೊಂದು ಮಟ್ಟ. ಆದರೆ ಬಿಟ್ಟು ಹಿಡಿಯುವುದು ಎಳೆದು ಹಿಡಿಯುವುದಕ್ಕಿಂತ ಕಷ್ಟ. "ಹಿಡಿಯಿರಿ" ಎಂದ ಕೂಡಲೇ ಯಾರಿಗಾದರೂ ಎದೆ ತುಂಬ ಎಳೆದುಕೊಳ್ಳುವುದೇ ಅಭ್ಯಾಸ. ಆ ಸೂಚನೆ ಅರ್ಥವಾಗದ ಭಾಷೆಯಲ್ಲಿ ಬಂದರಂತೂ ಕೇಳುವುದೇ ಬೇಡ. ಯಂತ್ರದ ಧ್ವನಿಯನ್ನು ಬೇಕಾದ ಭಾಷೆಯಲ್ಲಿ ರೆಕಾರ್ಡ್ ಮಾಡಿಡುವ ಸೌಲಭ್ಯ ಸ್ಕ್ಯಾನರ್‌ಗಳಲ್ಲಿ ಇದೆ. "ಉಸಿರು ಎಳ್ಕೊಳ್ಳಿ, ಪೂರ್ತಿ ಬಿಡಿ, ಹಾಗೇ ಇರಿ" ಎನ್ನುವ ಮೂರು ಕನ್ನಡದ ಮಾತು ಎಷ್ಟೋ ದುಬಾರಿ ಸಾಫ್ಟ್‌ವೇರ್ ಮಾಡುವಷ್ಟೇ ಕೆಲಸ ಮಾಡಬಲ್ಲದು.

ಹೋಳು ತಪ್ಪಿದರೆ ಸಂಖ್ಯೆ ತಪ್ಪುತ್ತದೆ

ಚಿತ್ರ ಸ್ವಲ್ಪ ಮಸುಕಾದರೆ ಏನು ಮಹಾ ಎಂದು ಕೇಳಬಹುದು. ಮಸುಕಾದ ಚಿತ್ರಕ್ಕಿಂತ, ಚೆನ್ನಾಗಿ ಕಾಣುತ್ತಾ ತಪ್ಪು ಲೆಕ್ಕ ಕೊಡುವ ಚಿತ್ರವೇ ಜಾಸ್ತಿ ಅಪಾಯ.

ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ದೂಡುತ್ತದೆ ಎನ್ನುವ ಸಂಖ್ಯೆ ಇಜೆಕ್ಷನ್ ಫ್ರಾಕ್ಷನ್. ವರದಿಗಳಲ್ಲಿ ಇಎಫ್ ಎಂದು ಇರುತ್ತದೆ. ಎಂಆರ್‌ಐನಲ್ಲಿ ಇದನ್ನು ಲೆಕ್ಕ ಹಾಕುವುದು ಆ 10-12 ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ. ನಾಲ್ಕನೇ ಹೋಳಿಗೆ ಉಸಿರು ಪೂರ್ತಿ ಬಿಟ್ಟು, ಐದನೆಯದಕ್ಕೆ ಅರ್ಧ ಬಿಟ್ಟು ಹಿಡಿದರೆ ಏನಾಗುತ್ತದೆ? ಹೃದಯ ಒಂದು ಸೆಂಟಿಮೀಟರ್ ಕೆಳಗೆ ಸರಿದಿರುತ್ತದೆ. ಹೋಳಿನ ದಪ್ಪವೇ ಸುಮಾರು 8 ಮಿಲಿಮೀಟರ್. ಹಾಗಾಗಿ ಒಂದು ಜಾಗ ಎರಡು ಸಲ ಲೆಕ್ಕಕ್ಕೆ ಬರಬಹುದು, ಇಲ್ಲವೇ ಒಂದು ಜಾಗ ಪೂರ್ತಿ ಬಿಟ್ಟುಹೋಗಬಹುದು. ಎರಡೂ ಹೋಳುಗಳ ಚಿತ್ರ ಕನ್ನಡಿಯಂತೆ ಸ್ಪಷ್ಟವಾಗಿರುತ್ತದೆ. ತಪ್ಪಿರುವುದು ಅವುಗಳ ನಡುವಿನ ಹೊಂದಾಣಿಕೆ.

ಇದರ ಪರಿಣಾಮ ದೊಡ್ಡದು. ಹೃದಯ ದುರ್ಬಲವಾದವರಿಗೆ ಹಠಾತ್ ಸಾವು ತಡೆಯುವ ಐಸಿಡಿ ಎಂಬ ಪುಟ್ಟ ಸಾಧನ ಅಳವಡಿಸಬೇಕೇ ಎಂದು ನಿರ್ಧರಿಸುವಾಗ ಇಎಫ್ 35 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಎನ್ನುವುದು ಮುಖ್ಯವಾದ ಗೆರೆ. 33ಕ್ಕೂ 37ಕ್ಕೂ ನಡುವೆ ಇರುವುದು ನಾಲ್ಕೇ ಅಂಕ. ಆದರೆ ಅದು ಎದೆಗೆ ಸಾಧನ ಹಾಕಿಸಿಕೊಳ್ಳುವುದೋ ಬೇಡವೋ ಎನ್ನುವ ಅಂತರ. ವೈದ್ಯರು ಒಂದೇ ಸಂಖ್ಯೆ ನೋಡಿ ತೀರ್ಮಾನ ಮಾಡುವುದಿಲ್ಲ ಎನ್ನುವುದು ನಿಜ. ಆದರೂ ತೀರ್ಮಾನ ಶುರುವಾಗುವುದು ಅಲ್ಲಿಂದಲೇ.

ಇನ್ನು ಉಸಿರು ಹಿಡಿಯಲು ಆಗದವರು ಯಾರು? ಹೃದಯ ವೈಫಲ್ಯದಿಂದ ಅಂಗಾತ ಮಲಗಿದರೇ ಏದುಸಿರು ಬರುವವರು. ಶ್ವಾಸಕೋಶದ ಕಾಯಿಲೆ ಇರುವವರು, ವಯಸ್ಸಾದವರು, ಕಿವಿ ಮಂದವಾದವರು, ಚಿಕ್ಕ ಮಕ್ಕಳು. ಅಂದರೆ ಯಾರಿಗೆ ಈ ಸ್ಕ್ಯಾನ್ ಹೆಚ್ಚು ಬೇಕೋ ಅವರಿಗೇ ಇದು ಹೆಚ್ಚು ಕಷ್ಟ. ತುಂಬ ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ಅರಿವಳಿಕೆ ಕೊಟ್ಟು, ವೆಂಟಿಲೇಟರ್ ಮೂಲಕ ಉಸಿರನ್ನು ಕೆಲವು ಸೆಕೆಂಡ್ ತಡೆದು ಚಿತ್ರ ತೆಗೆಯಬೇಕಾಗುತ್ತದೆ. ಉಸಿರು ಹಿಡಿಯದ ಸ್ಕ್ಯಾನ್ ಬೇಕೇ ಬೇಕು ಎನ್ನುವ ಒತ್ತಾಯ ಹುಟ್ಟಿದ್ದು ಇಲ್ಲಿಂದ. ಅದರಲ್ಲಿ ಯಾವ ತಪ್ಪೂ ಇಲ್ಲ.

ಸಿಟಿಯಲ್ಲಿ ಮೆಟ್ಟಿಲು

ಸಿಟಿ ಆಂಜಿಯೋದಲ್ಲಿ ಕಥೆ ಚಿಕ್ಕದು. ಒಂದು ಸುತ್ತಿಗೆ 64 ಹೋಳು ತೆಗೆಯುವ "64 ಸ್ಲೈಸ್" ಯಂತ್ರದಲ್ಲಿ ಸುಮಾರು 5ರಿಂದ 10 ಸೆಕೆಂಡ್ ಒಂದೇ ಸಲ ಉಸಿರು ಹಿಡಿದರೆ ಆಯಿತು. ಆ ಹೊತ್ತಿನಲ್ಲಿ ಕೆಮ್ಮಿದರೆ, ಉಸಿರು ಬಿಟ್ಟರೆ, ರಕ್ತನಾಳ ಮೆಟ್ಟಿಲು ಮುರಿದ ಹಾಗೆ ತುಂಡುತುಂಡಾಗಿ ಕಾಣುತ್ತದೆ. ಮತ್ತೆ ತೆಗೆಯಬೇಕೆಂದರೆ ಮತ್ತೆ ಕಾಂಟ್ರಾಸ್ಟ್ ಔಷಧಿ, ಮತ್ತೆ ವಿಕಿರಣ. 2007ರಲ್ಲಿ ಬಂದ 320 ಸಾಲಿನ ಯಂತ್ರ ಒಂದೇ ಸುತ್ತಿಗೆ 16 ಸೆಂಟಿಮೀಟರ್, ಅಂದರೆ ಇಡೀ ಹೃದಯವನ್ನು ಹಿಡಿಯುತ್ತದೆ. ಅಲ್ಲಿ ಉಸಿರಿನ ಸಮಸ್ಯೆ ಬಹುಪಾಲು ಕರಗಿತು. ಒಂದು ಎಚ್ಚರ ಮಾತ್ರ ಬೇಕು. ಸಿಟಿ ಯಂತ್ರಗಳ ಜೊತೆ ಬರುವ "ಮೋಷನ್ ಕರೆಕ್ಷನ್" ಸಾಫ್ಟ್‌ವೇರ್ ಸಾಮಾನ್ಯವಾಗಿ ಹೃದಯದ ಬಡಿತವನ್ನು ತಿದ್ದುವಂಥದ್ದು, ಉಸಿರನ್ನಲ್ಲ. ಹೆಸರು ಒಂದೇ ಥರ ಇರುವುದರಿಂದ ಎರಡೂ ಒಂದೇ ಎಂದುಕೊಳ್ಳುವುದು ಸುಲಭ.

ಪೆಟ್ ಸ್ಕ್ಯಾನ್ ತೋರಿಸುವ ಸುಳ್ಳು ಅಡ್ಡಿ

ಉಸಿರಿನ ತಪ್ಪು ಚಿತ್ರವನ್ನು ಮಸುಕು ಮಾಡುವುದಷ್ಟೇ ಅಲ್ಲ, ಇಲ್ಲದ ಕಾಯಿಲೆಯನ್ನೂ ಹುಟ್ಟಿಸಬಲ್ಲದು. ಇದಕ್ಕೆ ಪೆಟ್ ಸ್ಕ್ಯಾನಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಹೃದಯದ ಪೆಟ್ ಪರೀಕ್ಷೆಯಲ್ಲಿ ರಕ್ತಕ್ಕೆ ವಿಕಿರಣ ಸೂಸುವ ಔಷಧಿ ಕೊಡುತ್ತಾರೆ. ರಕ್ತ ಚೆನ್ನಾಗಿ ಹರಿಯುವ ಸ್ನಾಯು ಬೆಳಗುತ್ತದೆ, ಹರಿಯದ ಕಡೆ ಕತ್ತಲೆ. ಆದರೆ ಒಳಗಿಂದ ಹೊರಟ ಕಿರಣಗಳಲ್ಲಿ ಒಂದಷ್ಟು ದಾರಿಯಲ್ಲೇ, ಮಾಂಸ ಮೂಳೆಗಳಲ್ಲಿ ಕಳೆದುಹೋಗುತ್ತವೆ. ಎಷ್ಟು ಕಳೆದುಹೋಯಿತು ಎಂದು ಲೆಕ್ಕ ಹಾಕಿ ತುಂಬಿಕೊಡಲು ಅದೇ ಯಂತ್ರದಲ್ಲಿ ಒಂದು ಸಿಟಿ ತೆಗೆಯುತ್ತಾರೆ. ತೊಡಕು ಇರುವುದು ಇಲ್ಲಿ. ಸಿಟಿ ಮುಗಿಯುವುದು ಕೆಲವೇ ಸೆಕೆಂಡಿನಲ್ಲಿ, ಉಸಿರಿನ ಯಾವುದೋ ಒಂದು ಹಂತದಲ್ಲಿ. ಪೆಟ್ ತೆಗೆದುಕೊಳ್ಳುವುದು ಹಲವು ನಿಮಿಷ. ಅದರಲ್ಲಿ ಎಷ್ಟೋ ಉಸಿರುಗಳ ಸರಾಸರಿ ಇರುತ್ತದೆ. ಎರಡೂ ಚಿತ್ರದಲ್ಲಿ ಹೃದಯ ಒಂದೇ ಜಾಗದಲ್ಲಿ ಇರುವುದಿಲ್ಲ.

ಪೆಟ್‌ನಲ್ಲಿ ಹೃದಯದ ಎಡಗೋಡೆ ಇರುವ ಜಾಗದಲ್ಲಿ ಸಿಟಿಯಲ್ಲಿ ಶ್ವಾಸಕೋಶ ಕಂಡಿತು ಎಂದುಕೊಳ್ಳಿ. ಶ್ವಾಸಕೋಶ ಅಂದರೆ ಹೆಚ್ಚುಕಡಿಮೆ ಗಾಳಿ. ಗಾಳಿಯಲ್ಲಿ ಕಿರಣ ಕಳೆದುಹೋಗುವುದು ಕಡಿಮೆ, ಹಾಗಾಗಿ ಇಲ್ಲಿ ಜಾಸ್ತಿ ತುಂಬಿಕೊಡುವುದು ಬೇಡ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಗೋಡೆ ಕತ್ತಲೆಯಾಗಿ ಕಾಣುತ್ತದೆ. ನೋಡುವವರಿಗೆ ಅದು ರಕ್ತನಾಳ ಕಟ್ಟಿಕೊಂಡ ಹಾಗೇ ಕಾಣುತ್ತದೆ. ಮುಂದೆ ಆಂಜಿಯೋಗ್ರಾಂ, ಕ್ಯಾಥೆಟರ್, ಖರ್ಚು, ಮನೆಯವರ ಆತಂಕ.

2007ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಕೆ. ಲ್ಯಾನ್ಸ್ ಗೌಲ್ಡ್ ಮತ್ತು ಜೊತೆಗಾರರು ಇಂಥ 259 ರೋಗಿಗಳ ಸ್ಕ್ಯಾನ್‌ಗಳನ್ನು ಪರಿಶೀಲಿಸಿ ವರದಿ ಮಾಡಿದರು. ಶೇಕಡಾ 40ರಷ್ಟು ಜನರಲ್ಲಿ ಸಿಟಿ ಮತ್ತು ಪೆಟ್ ಹೊಂದದೆ ಸುಳ್ಳು ಕತ್ತಲೆ ಕಂಡಿತ್ತು. ಎರಡು ಚಿತ್ರಗಳನ್ನು ಸರಿಯಾಗಿ ಹೊಂದಿಸಿದಾಗ ಅದು ಹೋಗುತ್ತಿತ್ತು. ಆಮೇಲೆ ಸಿಟಿಯನ್ನು ಪೆಟ್ ಜೊತೆ ಹೊಂದಿಸಿ ನೋಡುವುದು, ಸಿಟಿಯನ್ನೇ ಹಲವು ಉಸಿರಿನ ಸರಾಸರಿಯಾಗಿ ತೆಗೆಯುವುದು ಮುಂತಾದ ಕ್ರಮಗಳು ಬಂದವು. ಇದರಲ್ಲಿ ಎಐ ಏನೂ ಇರಲಿಲ್ಲ. ಯಾರೋ ಕೂತು ಎರಡು ಚಿತ್ರ ಕೂಡುತ್ತವೆಯೇ ಎಂದು ಕಣ್ಣಿಟ್ಟು ನೋಡಬೇಕಿತ್ತು, ಅಷ್ಟೇ.

ಇದಕ್ಕೂ ಹಳೆಯ ಪಾಠ ಥಾಲಿಯಂ ಪರೀಕ್ಷೆಯದು. ಅದೂ ವಿಕಿರಣ ಸೂಸುವ ಔಷಧಿ ಕೊಟ್ಟು ಹೃದಯಕ್ಕೆ ರಕ್ತ ಹರಿಯುವುದನ್ನು ನೋಡುವ ಪರೀಕ್ಷೆಯೇ. ಟ್ರೆಡ್‌ಮಿಲ್ ಮೇಲೆ ಓಡಿ ಏದುಸಿರು ಬಿಡುತ್ತಿರುವವರನ್ನು ತಕ್ಷಣ ಕ್ಯಾಮೆರಾ ಕೆಳಗೆ ಮಲಗಿಸಿದರೆ, ಉಸಿರು ತಹಬಂದಿಗೆ ಬಂದಂತೆ ಹೃದಯ ನಿಧಾನವಾಗಿ ಮೇಲಕ್ಕೆ ಏರುತ್ತಾ ಹೋಗುತ್ತದೆ. ಹೃದಯದ ತಳಭಾಗದಲ್ಲಿ ಇಲ್ಲದ ಕೊರತೆ ಕಾಣುತ್ತದೆ. 1989ರಲ್ಲಿ ಇದನ್ನು ಗುರುತಿಸಿ "ಅಪ್‌ವರ್ಡ್ ಕ್ರೀಪ್" ಎಂದು ಹೆಸರಿಟ್ಟರು. ಪರಿಹಾರ ಏನು ಗೊತ್ತೇ? ಸುಮಾರು 15 ನಿಮಿಷ ಕಾಯುವುದು.

ಎಸೆಯುವುದು, ಸರಿಸುವುದು, ವಿಂಗಡಿಸುವುದು

ಎಂಆರ್‌ಐಗೆ ಮರಳೋಣ. ಉಸಿರು ಹಿಡಿಸದೆ ಚಿತ್ರ ತೆಗೆಯುವ ಪ್ರಯತ್ನ ಎಐಗಿಂತ ಎಷ್ಟೋ ಹಳೆಯದು. 1989ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ರಿಚರ್ಡ್ ಎಹ್ಮನ್ ಮತ್ತು ಜೋಯಲ್ ಫೆಲ್ಮ್‌ಲೀ "ನ್ಯಾವಿಗೇಟರ್" ಎಂಬ ಉಪಾಯ ಕೊಟ್ಟರು. ಹೃದಯಕ್ಕೆ ಅದನ್ನು ಬಳಸುವಾಗ ಸಾಮಾನ್ಯವಾಗಿ ಯಕೃತ್ತೂ ಶ್ವಾಸಕೋಶವೂ ಸೇರುವ ಅಂಚಿನಲ್ಲಿ, ಪೆನ್ಸಿಲ್ ದಪ್ಪದ ಒಂದು ಗೆರೆಯಷ್ಟು ಜಾಗವನ್ನು ಯಂತ್ರ ಪ್ರತಿ ಬಡಿತಕ್ಕೂ ಇಣುಕಿ ನೋಡುತ್ತದೆ. ವಪೆ ಈಗ ಎಲ್ಲಿದೆ? ಗೊತ್ತುಮಾಡಿದ ಸುಮಾರು 5 ಮಿಲಿಮೀಟರ್ ಕಿಟಕಿಯೊಳಗೆ ಇದ್ದರೆ ಆ ಬಡಿತದ ಮಾಹಿತಿ ಇಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಎಸೆಯುತ್ತದೆ.

ಇದು ಪ್ರಾಮಾಣಿಕವಾದ ವಿಧಾನ. ಊಹೆ ಕಡಿಮೆ. ಆದರೆ ಬೆಲೆ ಸಮಯದ್ದು. ಅರ್ಧಕ್ಕೂ ಹೆಚ್ಚು ಮಾಹಿತಿ ಕಸಕ್ಕೆ ಹೋಗುವುದು ಸಾಮಾನ್ಯ. 5 ನಿಮಿಷದ ಕೆಲಸ 10, 15 ನಿಮಿಷ ಎಳೆಯುತ್ತದೆ. ಅಷ್ಟರಲ್ಲಿ ರೋಗಿಯ ಉಸಿರಿನ ಮಟ್ಟವೇ ಬದಲಾದರೆ ಕಿಟಕಿಯೊಳಗೆ ಏನೂ ಬೀಳುವುದಿಲ್ಲ. ಹೃದಯ ವೈಫಲ್ಯ ಇರುವ ಕೆಲವರಲ್ಲಿ ಉಸಿರು ಏರುತ್ತಾ ಏರುತ್ತಾ ಹೋಗಿ, ಇಳಿದು, ಕೆಲವು ಸೆಕೆಂಡ್ ನಿಂತೇ ಹೋಗಿ ಮತ್ತೆ ಶುರುವಾಗುತ್ತದೆ. ಅಂಥವರ ಮುಂದೆ ನ್ಯಾವಿಗೇಟರ್ ಸೋಲುತ್ತದೆ.

ಅದರೊಳಗೂ ಒಂದು ಲೆಕ್ಕ ಅಡಗಿದೆ. ನೋಡುವುದು ವಪೆಯನ್ನು, ಬೇಕಾಗಿರುವುದು ಹೃದಯ. 1995ರ ಒಂದು ಅಧ್ಯಯನದ ಆಧಾರದ ಮೇಲೆ, ವಪೆ 10 ಮಿಲಿಮೀಟರ್ ಸರಿದರೆ ಹೃದಯ ಸುಮಾರು 6 ಮಿಲಿಮೀಟರ್ ಸರಿಯುತ್ತದೆ ಎಂದು ಹಿಡಿಯುವುದು ರೂಢಿಯಾಯಿತು. ಆಮೇಲೆ ಅಳೆದಾಗ ಈ ಅನುಪಾತ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ ಎಂದು ಗೊತ್ತಾಯಿತು. ಅಷ್ಟೇ ಅಲ್ಲ, ವಪೆ ಅದೇ ಮಟ್ಟದಲ್ಲಿದ್ದರೂ ಉಸಿರು ಎಳೆಯುವಾಗ ಹೃದಯ ಒಂದು ಕಡೆ, ಬಿಡುವಾಗ ಇನ್ನೊಂದು ಕಡೆ ಇರಬಹುದು. ಆದರೂ ಇದು ಕೆಲಸ ಮಾಡಿತು. 2001ರಲ್ಲಿ ಪ್ರಕಟವಾದ, 109 ರೋಗಿಗಳ ಮೇಲೆ ಹಲವು ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಸಹಜವಾಗಿ ಉಸಿರಾಡುತ್ತಲೇ ತೆಗೆದ ಕರೋನರಿ ಎಂಆರ್‌ಐನಲ್ಲಿ ನಾಳಗಳ ಮೊದಲ ಮತ್ತು ನಡುವಿನ ಭಾಗಗಳಲ್ಲಿ ಶೇಕಡಾ 84 ಓದುವಂತಿದ್ದವು.

ಎಸೆಯುವ ಬದಲು ಸರಿಸಿ ಹೊಂದಿಸಿದರೆ? ಇದು ಎರಡನೇ ದಾರಿ. ವಪೆಯನ್ನು ಬಿಟ್ಟು ಹೃದಯವನ್ನೇ ನೇರವಾಗಿ ನೋಡಿ, ಅದು ಎಷ್ಟು ಸರಿದಿದೆಯೋ ಅಷ್ಟು ಹಿಂದಕ್ಕೆ ತರುವುದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಪೀಟರ್ ಕೆಲ್‌ಮನ್ ಮತ್ತು ಜೊತೆಗಾರರು 2005ರಲ್ಲಿ ಹೃದಯಾಘಾತದ ಕಲೆ ನೋಡುವ ಚಿತ್ರಗಳನ್ನು ಹೀಗೇ ತೆಗೆದು ತೋರಿಸಿದರು. ಒಂದೊಂದೇ ಬಡಿತದಲ್ಲಿ ಬೇಗ ಬೇಗ ಹಲವು ಚಿತ್ರ ತೆಗೆದು, ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡುವುದು. ಉಸಿರು ಹಿಡಿಯಲಾಗದವರಿಗೆ ಇದು ದೊಡ್ಡ ಉಪಕಾರ.

ಇದಕ್ಕೂ ಮಿತಿ ಇದೆ. ಮತ್ತೆ ಸೌತೆಕಾಯಿಯನ್ನೇ ನೆನೆಯಿರಿ. ಹೋಳು ಎಡಕ್ಕೆ ಸರಿದಿದ್ದರೆ ಬಲಕ್ಕೆ ತಳ್ಳಬಹುದು. ಆದರೆ ಉಸಿರಿನಿಂದ ಚಾಕುವಿನ ಕೆಳಗೆ ಬೇರೆಯೇ ಹೋಳು ಬಂದಿದ್ದರೆ, ಎಷ್ಟು ತಳ್ಳಿದರೂ ಅದು ಮೊದಲಿನ ಹೋಳಾಗುವುದಿಲ್ಲ. ಸಣ್ಣ ಕಲೆಯೊಂದು ಒಂದು ಹೋಳಿನಲ್ಲಿದ್ದು ಪಕ್ಕದ್ದರಲ್ಲಿ ಇಲ್ಲದಿದ್ದರೆ, ಎರಡನ್ನೂ ಸರಾಸರಿ ಮಾಡಿದಾಗ ಅದು ಮಂಕಾಗುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಇಂಥ ಚಿತ್ರಗಳನ್ನು ಗುರುತಿಸಿ ಪಕ್ಕಕ್ಕಿಡುತ್ತದೆ, ಅಂದರೆ ಮತ್ತೆ ಎಸೆಯುವುದಕ್ಕೇ ಬಂತು.

ಮೂರನೆಯದು ವಿಂಗಡಿಸುವುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು 2016ರಲ್ಲಿ ಪ್ರಕಟಿಸಿದ ವಿಧಾನ ಉಸಿರನ್ನು ಶತ್ರುವಾಗಿ ನೋಡಲೇ ಇಲ್ಲ. ಉಸಿರು ಬಿಟ್ಟಾಗಿನ ಮಾಹಿತಿ ಒಂದು ಕಂತೆ, ಅರ್ಧ ಎಳೆದಾಗಿನದು ಒಂದು, ಪೂರ್ತಿ ಎಳೆದಾಗಿನದು ಇನ್ನೊಂದು. ಪ್ರತಿ ಕಂತೆಗೂ ಪ್ರತ್ಯೇಕ ಚಿತ್ರ. ಒಂದೊಂದು ಕಂತೆಯಲ್ಲಿ ಮಾಹಿತಿ ಕಡಿಮೆ ಇರುತ್ತದೆ, ಆ ಕೊರತೆಯನ್ನು ಪಕ್ಕದ ಕಂತೆಗಳ ಹೋಲಿಕೆ ಬಳಸಿ ಗಣಿತ ತುಂಬುತ್ತದೆ. ಇಲ್ಲಿಂದಲೇ ಊಹೆಯ ಪಾಲು ಹೆಚ್ಚತೊಡಗಿತು ಎನ್ನಬಹುದು.

ಎಐ ಬಂದ ಮೇಲೆ

ಸುದ್ದಿಯಲ್ಲಿ ಎಐ ಎಂದು ಒಂದೇ ಹೆಸರಿದ್ದರೂ ಅದು ಮಾಡುವ ಕೆಲಸ ಒಂದೇ ಅಲ್ಲ. ಗೊಂದಲದ ಬೇರು ಇಲ್ಲಿದೆ.

ಕೆಲವು ಕಡೆ ಅದು ಚಿತ್ರ ಕದಲಿದೆಯೇ ಇಲ್ಲವೇ ಎಂದು ಮಾತ್ರ ಹೇಳುತ್ತದೆ. ರೋಗಿ ಇನ್ನೂ ಯಂತ್ರದೊಳಗೆ ಇರುವಾಗಲೇ ಹೇಳಿದರೆ ಆ ಹೋಳನ್ನು ಮತ್ತೆ ತೆಗೆಯಬಹುದು. ಸ್ವಯಂಸೇವಕರ ಆರೋಗ್ಯದ ಮಾಹಿತಿ ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಯೋಜನೆ 2025ರಲ್ಲಿ 1 ಲಕ್ಷ ಜನರ ಸ್ಕ್ಯಾನ್ ಮುಗಿಸಿತು. ಅಷ್ಟೊಂದು ಹೃದಯದ ಚಿತ್ರಗಳನ್ನು ಮನುಷ್ಯರೇ ಒಂದೊಂದಾಗಿ ಪರೀಕ್ಷಿಸುವುದು ಆಗದ ಮಾತು. ಈ ಕೆಲಸಕ್ಕೆ ಎಐ ಬೇಡ ಎನ್ನುವವರು ಯಾರೂ ಇಲ್ಲ.

ಇನ್ನು ಕೆಲವು ಕಡೆ ಅದು ಹೃದಯ ಎಷ್ಟು ಸರಿದಿದೆ ಎಂದು ಬೇಗ ಅಂದಾಜು ಮಾಡಿ, ತೆಗೆದ ಮಾಹಿತಿಯನ್ನೇ ಹೊಂದಿಸುತ್ತದೆ. ಹಳೆಯ ಕೆಲಸ, ಹೊಸ ಕೈ.

ಮೂರನೆಯ ಕಡೆ, ತೆಗೆಯದೇ ಬಿಟ್ಟ ಮಾಹಿತಿಯನ್ನು ಅದೇ ತುಂಬುತ್ತದೆ. ಸಾವಿರಾರು ಹೃದಯಗಳನ್ನು ನೋಡಿ ಕಲಿತದ್ದರಿಂದ, ಇಲ್ಲಿ ಹೀಗಿರಬೇಕು ಎಂದು ಬರೆಯುತ್ತದೆ. ಬೇಗ ತೆಗೆದರೆ ಉಸಿರಿಗೆ ಸಿಕ್ಕಿಬೀಳುವುದು ಕಡಿಮೆ, ಬೇಗ ತೆಗೆಯಬೇಕಾದರೆ ಕಡಿಮೆ ಮಾಹಿತಿ ತೆಗೆಯಬೇಕು, ಕಡಿಮೆ ತೆಗೆದರೆ ಉಳಿದದ್ದನ್ನು ತುಂಬಬೇಕು. ತರ್ಕ ಸರಿಯಾಗಿಯೇ ಇದೆ. ಚಿತ್ರವೂ ನೋಡಲು ಬಹಳ ಚೆನ್ನಾಗಿರುತ್ತದೆ. ಆತಂಕ ಇರುವುದೂ ಅದರಲ್ಲೇ. ಹಳೆಯ ವಿಧಾನ ಸೋತರೆ ಚಿತ್ರ ಕೆಡುತ್ತಿತ್ತು, ಸೋತದ್ದು ಕಣ್ಣಿಗೆ ಕಾಣುತ್ತಿತ್ತು. ಇದು ಸೋತಾಗಲೂ ಚಿತ್ರ ಅಚ್ಚುಕಟ್ಟಾಗಿ ಇರಬಹುದು.

ಇದು ಬರೀ ಭಯವಲ್ಲ. ಎಂಆರ್‌ಐ ಚಿತ್ರಗಳನ್ನು ಕಡಿಮೆ ಮಾಹಿತಿಯಿಂದ ಕಟ್ಟುವ 2020ರ ಫಾಸ್ಟ್‌ಎಂಆರ್‌ಐ ಸ್ಪರ್ಧೆಯಲ್ಲಿ, ಮಿದುಳಿನ ಚಿತ್ರಗಳಲ್ಲಿ ನಿಜವಾಗಿ ಇಲ್ಲದ ರಚನೆಗಳನ್ನು ಕೆಲವು ಎಐ ಮಾದರಿಗಳು ಬರೆದದ್ದನ್ನು ರೇಡಿಯಾಲಜಿಸ್ಟ್‌ಗಳು, ಅಂದರೆ ಸ್ಕ್ಯಾನ್ ಓದುವ ವೈದ್ಯರು, ಗುರುತಿಸಿದರು. ಅದೇ ವರ್ಷ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಮೂಲ ಮಾಹಿತಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏರುಪೇರು ಮಾಡಿದರೂ ಇಂಥ ಮಾದರಿಗಳ ಚಿತ್ರ ಬಹಳ ಬದಲಾಗಬಹುದು ಎಂದು ತೋರಿಸಿತು. ಇವು ಹೃದಯದ ಬಗ್ಗೆಯೇ ನಡೆದ ಪರೀಕ್ಷೆಗಳಲ್ಲ. ಆದರೆ ಸುಮ್ಮನಿರುವ ಮಿದುಳಿನಲ್ಲೇ ಹೀಗಾದರೆ, ಒದೆಯುವ, ತೂಗುವ ಹೃದಯದಲ್ಲಿ ಇನ್ನಷ್ಟು ಎಚ್ಚರ ಬೇಕಾಗುತ್ತದೆ.

ಕಲಿಸುವುದು ಯಾರ ಹೃದಯದಿಂದ?

ಎಐಗೆ ಕಲಿಸಲು ಎರಡು ಚಿತ್ರ ಬೇಕು. ಒಂದು ಕದಲಿದ್ದು, ಇನ್ನೊಂದು ಅದೇ ಹೃದಯದ ಕದಲದ್ದು. ಆದರೆ ಒಂದೇ ಕ್ಷಣದಲ್ಲಿ ಒಬ್ಬರು ಉಸಿರಾಡುತ್ತಲೂ ಇದ್ದು ಹಿಡಿದುಕೊಂಡೂ ಇರಲು ಆಗುವುದಿಲ್ಲ. ಹಾಗಾಗಿ ಎಷ್ಟೋ ಸಲ ಒಳ್ಳೆಯ ಚಿತ್ರ ತೆಗೆದುಕೊಂಡು, ಅದಕ್ಕೆ ಕಂಪ್ಯೂಟರಿನಲ್ಲೇ ನಕಲಿ ಉಸಿರಾಟ ಸೇರಿಸಿ ಕಲಿಸುತ್ತಾರೆ. 2022ರ ಸಿಎಂಆರ್‌ಎಕ್ಸ್‌ಮೋಷನ್ ಸ್ಪರ್ಧೆ ಇದಕ್ಕಿಂತ ಮುಂದೆ ಹೋಯಿತು. ಅಲ್ಲಿ ಸ್ವಯಂಸೇವಕರು ನಿಜವಾಗಿಯೇ ನಾಲ್ಕು ಥರ ಉಸಿರಾಡಿದರು: ಪೂರ್ತಿ ಹಿಡಿದು, ಅರ್ಧ ಹಿಡಿದು, ಸಹಜವಾಗಿ ಮತ್ತು ಜೋರಾಗಿ. ಆದರೆ ಅವರು ಆರೋಗ್ಯವಂತರು. ಏದುಸಿರಿನ ರೋಗಿಯ ಉಸಿರಿಗೂ, ಹೇಳಿದ ಹಾಗೆ ಜೋರಾಗಿ ಉಸಿರಾಡುವ ಆರೋಗ್ಯವಂತರ ಉಸಿರಿಗೂ ವ್ಯತ್ಯಾಸ ಇದ್ದೇ ಇದೆ. ಯುಕೆ ಬಯೋಬ್ಯಾಂಕ್‌ನಲ್ಲಿ ಇರುವವರೂ ಅಲ್ಲಿನ ಸಾಮಾನ್ಯ ಜನರಿಗಿಂತ ಆರೋಗ್ಯವಂತರು ಎನ್ನುವುದು ಗೊತ್ತಿರುವ ವಿಷಯ.

ಆದ್ದರಿಂದ ಒಂದು ತಿರುಗುಮುರುಗು ಸ್ಥಿತಿ ಉಂಟಾಗಿದೆ. ಈ ತಂತ್ರ ಯಾರಿಗಾಗಿ ಬಂದಿತೋ, ಅಂಥವರ ಹೃದಯ, ಅಂಥವರ ಉಸಿರು ಕಲಿಕೆಯ ಮಾಹಿತಿಯಲ್ಲಿ ಕಡಿಮೆ.

ಯಾರ ವಾದ ಏನು?

ಉಸಿರು ಹಿಡಿಸುವುದೇ ಸರಿ ಎನ್ನುವವರ ಬಳಿ ದಶಕಗಳ ಅಳತೆ ಇದೆ. ಹೃದಯದ ಸಹಜ ಗಾತ್ರ ಎಷ್ಟು, ಇಎಫ್ ಎಷ್ಟಿರಬೇಕು ಎನ್ನುವ ಕೋಷ್ಟಕಗಳು ಬಹುಪಾಲು ಉಸಿರು ಹಿಡಿದು ತೆಗೆದ ಚಿತ್ರಗಳಿಂದ ಬಂದವು. ಉಸಿರು ಹಿಡಿದಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯಕ್ಕೆ ಮರಳುವ ರಕ್ತವೂ ಬದಲಾಗುತ್ತದೆ. ಹಾಗಾಗಿ ಎರಡೂ ವಿಧಾನದಲ್ಲಿ ಸಿಗುವ ಸಂಖ್ಯೆ ಒಂದೇ ಆಗಲೇಬೇಕು ಎಂದೇನಿಲ್ಲ.

ಸಹಜ ಉಸಿರಾಟದ ಪರ ಇರುವವರ ಮಾತೂ ಗಟ್ಟಿಯಾಗಿದೆ. ನಾವು ದಿನವಿಡೀ ಬದುಕುವುದು ಉಸಿರಾಡಿಕೊಂಡು, ಹಿಡಿದುಕೊಂಡಲ್ಲ. ಕೆಲವು ಪರೀಕ್ಷೆಗಳಲ್ಲಿ ಪೂರ್ತಿ ಹೊತ್ತು ಹಿಡಿಯುವ ಮಾತೇ ಬರುವುದಿಲ್ಲ. ಔಷಧಿ ಹೃದಯದ ಸ್ನಾಯುವನ್ನು ಮೊದಲ ಸಲ ಹಾಯುವುದನ್ನು ನೋಡುವ ಪರ್ಫ್ಯೂಷನ್ ಎಂಆರ್‌ಐಗೆ 40-60 ಬಡಿತ ಬೇಕು. ಅಷ್ಟು ಹೊತ್ತು ಹಿಡಿಯುವುದು ಆರೋಗ್ಯವಂತರಿಗೂ ಕಷ್ಟ. ಅಲ್ಲಿ ತಿದ್ದುಪಡಿ ಇಲ್ಲದೆ ಗತಿಯಿಲ್ಲ, ಅದು ಈಗಾಗಲೇ ಒಪ್ಪಿತವಾಗಿದೆ.

ನನಗೆ ಅನಿಸುವುದು ಇಷ್ಟು. ಹಿಡಿಯಬಲ್ಲವರಿಗೆ ಹಿಡಿಸುವುದರಿಂದ ನಷ್ಟವಿಲ್ಲ. ಹಿಡಿಯಲಾಗದವರನ್ನು ಹಿಂಸಿಸುವುದರಿಂದ ಲಾಭವಿಲ್ಲ. ಅವರಿಗೆ ತೆಗೆದ ಮಾಹಿತಿಯನ್ನೇ ಹೊಂದಿಸುವ ವಿಧಾನ, ತೆಗೆಯದ್ದನ್ನು ತುಂಬುವ ವಿಧಾನಕ್ಕಿಂತ ಜಾಸ್ತಿ ನಂಬಿಕೆಗೆ ಅರ್ಹ. ಎರಡೂ ಬೆರೆತಿರುವಾಗ, ಎಷ್ಟು ಬೆರೆತಿದೆ ಎಂದು ಓದುವ ವೈದ್ಯರಿಗೆ ಗೊತ್ತಿರಬೇಕು.

ಮುಂದೆ ಏನಾಗಬಹುದು?

ಈಗ ಹೃದಯದ ಎಂಆರ್‌ಐಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುವುದು ಸಾಮಾನ್ಯ. ಉಸಿರು ಹಿಡಿಸುವ, ಮತ್ತೆ ಮತ್ತೆ ತೆಗೆಯುವ ಕೆಲಸ ತಪ್ಪಿದರೆ ಸಮಯ ಉಳಿಯುತ್ತದೆ, ಅದೇ ಯಂತ್ರದಲ್ಲಿ ಇನ್ನಷ್ಟು ಜನರಿಗೆ ಜಾಗ ಸಿಗುತ್ತದೆ. ಎಷ್ಟೋ ಮಕ್ಕಳಿಗೆ ಅರಿವಳಿಕೆ ತಪ್ಪುತ್ತದೆ. ಇವು ನಿಜವಾದ ಲಾಭಗಳು. ನಿಯಂತ್ರಣದ ಕಡೆ ನೋಡಿದರೆ, ಭಾರತದಲ್ಲಿ 2020ರ ಏಪ್ರಿಲ್‌ನಿಂದ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ಕಾನೂನಿನೊಳಗೆ ಬಂದಿದೆ. ಆದರೆ ಪರವಾನಗಿ ಸಿಕ್ಕಿತು ಅಂದರೆ ಆ ಸಾಧನ ಎಲ್ಲ ಥರದ ಉಸಿರಿಗೂ ಒಗ್ಗುತ್ತದೆ ಎಂದರ್ಥವಲ್ಲ.

ಹೆಚ್ಚು ತೊಡಕಾಗುವುದು ಹೋಲಿಕೆಯಲ್ಲಿ. ಕ್ಯಾನ್ಸರ್ ಚಿಕಿತ್ಸೆಯನ್ನೇ ತೆಗೆದುಕೊಳ್ಳಿ. ಕೆಲವು ಕ್ಯಾನ್ಸರ್ ಔಷಧಿಗಳು ಹೃದಯದ ಸ್ನಾಯುವನ್ನು ದುರ್ಬಲ ಮಾಡುತ್ತವೆ, ಅದಕ್ಕೇ ಆಗಾಗ ಇಎಫ್ ನೋಡುತ್ತಾರೆ. ಸಾಮಾನ್ಯವಾಗಿ ಎಕೋದಲ್ಲಿ, ಅದು ಸ್ಪಷ್ಟವಾಗದಿದ್ದರೆ ಎಂಆರ್‌ಐನಲ್ಲಿ. ಇಎಫ್ 10 ಅಂಕ ಕುಸಿದು 50ಕ್ಕಿಂತ ಕೆಳಗೆ ಹೋದರೆ ಔಷಧಿ ಹೃದಯಕ್ಕೆ ಪೆಟ್ಟು ಕೊಡುತ್ತಿದೆ ಎಂದು ತಿಳಿದು, ಔಷಧಿ ನಿಲ್ಲಿಸಬೇಕೇ, ಬದಲಿಸಬೇಕೇ ಎಂದು ಯೋಚಿಸುತ್ತಾರೆ. ಒಬ್ಬ ಹೆಂಗಸಿಗೆ ಚಿಕಿತ್ಸೆಗೆ ಮುಂಚೆ ಉಸಿರು ಹಿಡಿಸಿ ತೆಗೆದಾಗ 59 ಇತ್ತು ಎನ್ನೋಣ. ಆರು ತಿಂಗಳ ನಂತರ, ಹೊಸ ಸಾಫ್ಟ್‌ವೇರ್ ಹಾಕಿದ ಅದೇ ಯಂತ್ರದಲ್ಲಿ ಸಹಜವಾಗಿ ಉಸಿರಾಡುತ್ತಾ ತೆಗೆದಾಗ 49. ಕುಸಿದದ್ದು ಹೃದಯವೋ, ಬದಲಾದದ್ದು ಅಳತೆಯೋ? ಮೊದಲ ವರದಿಯಲ್ಲಿ "ಉಸಿರು ಹಿಡಿದು" ಎಂದೂ, ಎರಡನೆಯದರಲ್ಲಿ "ಸಹಜ ಉಸಿರಾಟ, ಎಐ ಮರುಜೋಡಣೆ" ಎಂದೂ ಒಂದೊಂದು ಸಾಲು ಬರೆದಿದ್ದರೆ, ಅವರ ಕ್ಯಾನ್ಸರ್ ವೈದ್ಯರು ಔಷಧಿ ನಿಲ್ಲಿಸುವ ಮುಂಚೆ ಹಳೆಯ ವಿಧಾನದಲ್ಲೇ ಇನ್ನೊಂದು ಸಲ ತೆಗೆಸಿ ನೋಡಬಹುದು. ಆ ಸಾಲು ಇಲ್ಲದಿದ್ದರೆ ಅವರ ಮುಂದೆ ಇರುವುದು 59 ಮತ್ತು 49 ಎಂಬ ಎರಡು ಸಂಖ್ಯೆ ಮಾತ್ರ.